ಪೆಟ್ಟಾದ ಮೇಲೆ, ಆಪರೇಷನ್ ಆದ ಮೇಲೆ ಫಿಸಿಯೋಥೆರಪಿ ಯಾವಾಗ ಶುರು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಿಸಿಯೋಥೆರಪಿಸ್ಟ್. ಚಿಕಿತ್ಸೆಗೆ ಬಂದವರು, ಫೋನ್ ಮಾಡುವವರು, ಬರೆದು ಕೇಳುವವರು ಎಲ್ಲರ ಪ್ರಶ್ನೆಗಳೂ ಸುತ್ತಿ ಸುತ್ತಿ ಇವೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು. ಒಂದು ಮಾತು ಮಾತ್ರ ನೆನಪಿರಲಿ: ನಿಮ್ಮ ಆಪರೇಷನ್ ಮಾಡಿದ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ನಡೆಯಬೇಕು. ಒಳಗೆ ಏನಾಗಿದೆ ಅಂತ ಕಣ್ಣಾರೆ ನೋಡಿದವರು ಅವರು.

## ಮೊದಮೊದಲ ಪ್ರಶ್ನೆಗಳು

ನೋವು ಪೂರ್ತಿ ಹೋಗಲಿ, ಆಮೇಲೆ ಫಿಸಿಯೋಗೆ ಹೋದರೆ ಸಾಕಲ್ವಾ?

ಸಾಲದು. ತಡವಾಗಿ ಬಂದು ಕಷ್ಟಪಡುವವರಲ್ಲಿ ಹೆಚ್ಚಿನವರು ಹೀಗೆ ಕಾದವರೇ.

ಪೆಟ್ಟಾದ ಜಾಗದಲ್ಲಿ ಮೊದಲ ಮೂರರಿಂದ ಐದು ದಿನ ಊತ, ಬಿಸಿ, ನೋವು ಜಾಸ್ತಿ. ದೇಹ ಅಲ್ಲಿ ರಿಪೇರಿಗೆ ಜಾಗ ಮಾಡಿಕೊಳ್ಳುತ್ತಿರುತ್ತದೆ. ಆಮೇಲೆ ಸುಮಾರು ಆರು ವಾರದವರೆಗೆ ಹೊಸ ಎಳೆಗಳು ಬೆಳೆಯುತ್ತವೆ. ಈ ಎಳೆಗಳು ಮೊದಲು ಅಡ್ಡಾದಿಡ್ಡಿ ಬಿದ್ದಿರುತ್ತವೆ. ಆ ಭಾಗವನ್ನು ಹದವಾಗಿ ಎಳೆದು ಬಿಟ್ಟು ಮಾಡಿದರೆ ಎಳೆತ ಬರುವ ದಿಕ್ಕಿನಲ್ಲೇ ಸಾಲಾಗಿ ಕೂರುತ್ತವೆ. ಏನೂ ಮಾಡದೆ ಬಿಟ್ಟರೆ ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಅವು ಗಟ್ಟಿಯಾಗುವುದಕ್ಕೆ ಇನ್ನೂ ತಿಂಗಳುಗಳು, ಕೆಲವೊಮ್ಮೆ ಒಂದು ವರ್ಷವೂ ಬೇಕು. ನೋವು ಪೂರ್ತಿ ಹೋಗಲಿ ಅಂತ ಕಾದರೆ ಎಳೆಗಳು ಸಾಲಾಗುವ ಒಳ್ಳೆಯ ಸಮಯ ಕೈತಪ್ಪುತ್ತದೆ.

ಅದಕ್ಕೇ ನಾನು ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸುತ್ತೇನೆ. ‘ಯಾವಾಗ ಶುರು ಮಾಡಲಿ’ ಅಂತ ಕೇಳುವ ಬದಲು ‘ಇವತ್ತು ಯಾವುದನ್ನು ಅಲುಗಾಡಿಸಬಹುದು, ಯಾವುದನ್ನು ಮುಟ್ಟಬಾರದು’ ಅಂತ ಕೇಳಿ. ಮೊದಲ ದಿನವೇ ಮಾಡಬಹುದಾದದ್ದು ಏನಾದರೂ ಒಂದು ಇದ್ದೇ ಇರುತ್ತದೆ.

ಸುಮ್ನೆ ಮಲಗಿ ರೆಸ್ಟ್ ತಗೊಂಡರೆ ಬೇಗ ವಾಸಿಯಾಗಲ್ವಾ?

ಪೆಟ್ಟಾದ ಭಾಗಕ್ಕೆ ಒಂದೆರಡು ದಿನ ರೆಸ್ಟ್ ಸರಿ. ಇಡೀ ಮೈಗೆ ರೆಸ್ಟ್ ಕೊಡುವುದು ಬೇರೆ. ಪೂರ್ತಿ ಹಾಸಿಗೆ ಹಿಡಿದರೆ ಸ್ನಾಯುವಿನ ಬಲ ಹೆಚ್ಚುಕಡಿಮೆ ದಿನಕ್ಕೆ ಶೇಕಡಾ 1ರಂತೆ ಇಳಿಯುತ್ತದೆ. ವಯಸ್ಸಾದವರಲ್ಲಿ ಇನ್ನೂ ಬೇಗ. ಕಳೆದುಕೊಂಡದ್ದನ್ನು ವಾಪಸ್ ತರಲು ಮಲಗಿದ್ದಕ್ಕಿಂತ ಜಾಸ್ತಿ ದಿನ ಬೇಕು. ಮೂಳೆಗೂ ಹಾಗೇ. ಭಾರ ಬಿದ್ದರೆ ಗಟ್ಟಿಯಾಗುತ್ತದೆ, ಇಲ್ಲದಿದ್ದರೆ ಸವೆಯುತ್ತದೆ. ಜರ್ಮನಿಯ ಸರ್ಜನ್ ಯೂಲಿಯಸ್ ವುಲ್ಫ್ 1892ರಲ್ಲೇ ಇದನ್ನು ವಿವರಿಸಿದ್ದರು.

ಸೊಂಟ ಹಿಡಿದುಕೊಂಡಾಗಲೂ ಇದೇ ಮಾತು. ವಾರಗಟ್ಟಲೆ ಮಲಗುವ ಕಾಲ ಹೋಯಿತು. ಆದಷ್ಟು ಓಡಾಡಿಕೊಂಡು ಇರುವವರೇ ಬೇಗ ಸರಿಹೋಗುತ್ತಾರೆ.

ಕಾಲು ಉಳುಕಿದೆ. ಎಷ್ಟು ದಿನ ಬಿಟ್ಟು ವ್ಯಾಯಾಮ ಶುರು ಮಾಡಲಿ?

ಮೊದಲು ಮೂಳೆ ಮುರಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಕುಂಟುತ್ತಾದರೂ ನಾಲ್ಕು ಹೆಜ್ಜೆ ಇಡಲು ಆಗುತ್ತಿಲ್ಲವಾ? ಪಾದದ ಕೀಲಿನ ಎರಡು ಬದಿಯಲ್ಲಿ ಉಬ್ಬಿದ ಮೂಳೆಗಳಿವೆಯಲ್ಲ, ಅವುಗಳ ತುದಿ ಅಥವಾ ಹಿಂಬದಿ ಒತ್ತಿದರೆ ಜೋರು ನೋವಾ? ಕಿರುಬೆರಳಿನ ಸಾಲಿನಲ್ಲಿ ಪಾದದ ಹೊರ ಅಂಚಿನ ನಡುವೆ ಒತ್ತಿದಾಗ, ಅಥವಾ ಪಾದದ ಒಳಬದಿಯ ಕಮಾನಿನ ಮೇಲಿನ ಮೂಳೆ ಒತ್ತಿದಾಗ ಚುಳ್ ಅನ್ನುತ್ತದಾ? ಇದರಲ್ಲಿ ಯಾವುದಾದರೂ ಒಂದಕ್ಕೆ ಹೌದು ಅಂದರೆ ಎಕ್ಸ್‌ರೇ ಬೇಕು. ಕೆನಡಾದ ಒಟ್ಟಾವಾದಲ್ಲಿ ರೂಪಿಸಿದ ಈ ಪರೀಕ್ಷೆಯನ್ನು ಡಾಕ್ಟರುಗಳು ಇವತ್ತಿಗೂ ಬಳಸುತ್ತಾರೆ.

ಮೂಳೆ ಸರಿ ಇದ್ದರೆ ಒಂದೆರಡು ದಿನ ಕಾಲು ಎತ್ತರದಲ್ಲಿಟ್ಟು, ಬ್ಯಾಂಡೇಜ್ ಕಟ್ಟಿಕೊಂಡು ಇರಿ. ಬೆರಳುಗಳನ್ನು ಮೊದಲ ದಿನದಿಂದಲೇ ಆಡಿಸಿ. ಎರಡನೇ ಅಥವಾ ಮೂರನೇ ದಿನದಿಂದ ಪಾದವನ್ನು ಮೇಲೆ ಕೆಳಗೆ ಮಾಡಿ. ಪಾದವನ್ನು ಒಳಕ್ಕೆ ತಿರುಗಿಸುವುದು ಮಾತ್ರ ಆಮೇಲೆ, ಯಾಕೆಂದರೆ ಉಳುಕಿದ್ದು ಆ ಕಡೆಗೇ. ತಡೆಯುವಷ್ಟು ಭಾರ ಹಾಕಿ ನಡೆಯಿರಿ.

ಇದರಲ್ಲಿ ಜನ ಬಿಟ್ಟುಬಿಡುವ ಒಂದು ಕೆಲಸ ಇದೆ. ನೋವು ಇಳಿದ ಮೇಲೆ ಒಂಟಿಕಾಲಲ್ಲಿ ನಿಂತು ನೋಡಿ. ಒಳ್ಳೆಯ ಕಾಲಿನಲ್ಲಿ ಆರಾಮಾಗಿ ನಿಲ್ಲುವವರು ಉಳುಕಿದ ಕಾಲಿನಲ್ಲಿ ಐದೇ ಸೆಕೆಂಡಿಗೆ ತೂರಾಡುತ್ತಾರೆ. ಲಿಗಮೆಂಟ್ ಅಂದರೆ ಕೀಲಿನಲ್ಲಿ ಮೂಳೆಗೆ ಮೂಳೆಯನ್ನು ಕಟ್ಟಿ ಹಿಡಿಯುವ ಪಟ್ಟಿ. ಲಿಗಮೆಂಟ್‌ನಲ್ಲಿರುವ ನರಗಳು ಪಾದ ಯಾವ ಕೋನದಲ್ಲಿದೆ ಅಂತ ಮೆದುಳಿಗೆ ತಿಳಿಸುತ್ತಿರುತ್ತವೆ. ಉಳುಕಿದಾಗ ಆ ಸುದ್ದಿ ಮಸುಕಾಗುತ್ತದೆ. ಒಂಟಿಕಾಲಿನ ಅಭ್ಯಾಸ ಮಾಡದೆ ಬಿಟ್ಟವರ ಕಾಲೇ ಮತ್ತೆ ಮತ್ತೆ ಉಳುಕುವುದು.

ಐಸ್ ಇಡಬೇಕಾ, ಬಿಸಿ ಶಾಖ ಕೊಡಬೇಕಾ?

ಹೊಸ ಪೆಟ್ಟಿಗೆ, ಊತ ಇರುವಾಗ ಬಿಸಿ ಬೇಡ. ನೋವು ತಡೆಯಲಾಗದಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ 10–15 ನಿಮಿಷ ಇಡಬಹುದು. ಐಸ್ ನೋವು ಕಡಿಮೆ ಮಾಡುತ್ತದೆ, ಗಾಯ ಬೇಗ ಮಾಯುವಂತೆ ಮಾಡುವುದಿಲ್ಲ. ‘ರೆಸ್ಟ್, ಐಸ್, ಬ್ಯಾಂಡೇಜ್, ಎತ್ತರ’ ಅನ್ನುವ ಸೂತ್ರವನ್ನು 1978ರಲ್ಲಿ ಕೊಟ್ಟವರು ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್. ಐಸ್ ಮತ್ತು ಪೂರ್ತಿ ರೆಸ್ಟ್ ಎರಡೂ ವಾಸಿಯಾಗುವುದನ್ನು ತಡಮಾಡಬಹುದು ಅಂತ ಅವರೇ ಮುಂದೆ ಬರೆದರು. ಬಿಗಿತ ಉಳಿದಾಗ, ವ್ಯಾಯಾಮಕ್ಕೆ ಮೊದಲು ಬಿಸಿ ಶಾಖ ಹಿತ.

## ಮೂಳೆ ಮುರಿದಾಗ

ಕೈಗೆ ಪ್ಲಾಸ್ಟರ್ ಹಾಕಿದ್ದಾರೆ. ಬಿಚ್ಚೋ ತನಕ ಫಿಸಿಯೋಗೆ ಏನು ಕೆಲಸ?

ಬೇಕಾದಷ್ಟು. ನನಗೆ ತುಂಬ ಬೇಸರ ಆಗುವುದು ಇಲ್ಲೇ.

ಒಬ್ಬ ಹೆಂಗಸು ಮಣಿಕಟ್ಟು ಮುರಿದುಕೊಂಡಿದ್ದರು. ಆರು ವಾರ ಪ್ಲಾಸ್ಟರ್. ಮೂಳೆ ಚೆನ್ನಾಗಿ ಕೂಡಿತ್ತು, ಎಕ್ಸ್‌ರೇ ನೋಡಿದರೆ ಖುಷಿಯಾಗಬೇಕು. ಆದರೆ ಅವರು ಬಂದದ್ದು ಮಣಿಕಟ್ಟಿಗೆ ಅಲ್ಲ. ‘ಜಡೆ ಹೆಣೆದುಕೊಳ್ಳೋಕೆ ಆಗ್ತಿಲ್ಲ, ಕೈ ಕಿವಿವರೆಗೆ ಬಂದು ನಿಂತುಬಿಡುತ್ತೆ’ ಅಂದರು. ಆರು ವಾರ ಕೈಯನ್ನು ಜೋಳಿಗೆಯಲ್ಲಿಟ್ಟು ಎದೆಗೆ ಒತ್ತಿಕೊಂಡಿದ್ದರು. ಪೆಟ್ಟೇ ಆಗದ ಭುಜ ಬಿಗಿದುಕೊಂಡಿತ್ತು. ಬೆರಳುಗಳು ಊದಿ, ಮುಷ್ಟಿ ಕಟ್ಟಿದರೆ ಅಂಗೈಗೆ ತಾಗುತ್ತಿರಲಿಲ್ಲ. ಮಣಿಕಟ್ಟು ಎರಡು ತಿಂಗಳಲ್ಲಿ ಸರಿಹೋಯಿತು. ಭುಜಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು.

ಪ್ಲಾಸ್ಟರ್ ಹಿಡಿದಿಡುವುದು ಮುರಿದ ಜಾಗವನ್ನು ಮತ್ತು ಅದರ ಪಕ್ಕದ ಕೀಲನ್ನು. ಅದರಾಚೆ ಇರುವುದೆಲ್ಲ ಮೊದಲ ದಿನದಿಂದಲೇ ಆಡಬೇಕು. ಬೆರಳುಗಳನ್ನು ಪೂರ್ತಿ ಬಿಚ್ಚಿ, ಪೂರ್ತಿ ಮಡಚಿ, ಗಂಟೆಗೆ ಹತ್ತು ಸಲ. ಹೆಬ್ಬೆರಳನ್ನು ಒಂದೊಂದೇ ಬೆರಳ ತುದಿಗೆ ಮುಟ್ಟಿಸಿ. ಮೊಣಕೈ ಬಿಟ್ಟಿದ್ದರೆ ಅದನ್ನೂ ಮಡಚಿ ಚಾಚಿ. ದಿನಕ್ಕೆ ಮೂರು ನಾಲ್ಕು ಸಲ ಕೈಯನ್ನು ಜೋಳಿಗೆಯಿಂದ ತೆಗೆದು ತಲೆಯ ಮೇಲಕ್ಕೆ ಎತ್ತಿ. ಸಕ್ಕರೆ ಕಾಯಿಲೆ ಇರುವವರ ಭುಜ ಬೇಗ ಬಿಗಿಯುತ್ತದೆ, ಅವರು ಒಂದು ದಿನವೂ ಬಿಡಬಾರದು.

ಪ್ಲಾಸ್ಟರ್ ಒಳಗೂ ಒಂದು ಕೆಲಸ ಇದೆ. ಡಾಕ್ಟರು ಒಪ್ಪಿದರೆ, ಕೀಲು ಅಲುಗಾಡದಂತೆ ಸ್ನಾಯುವನ್ನು ಮಾತ್ರ ಬಿಗಿ ಹಿಡಿದು ಐದು ಎಣಿಸಿ ಬಿಡುವುದು. ಹೊರಗೆ ಏನೂ ಕಾಣುವುದಿಲ್ಲ, ಒಳಗೆ ರಕ್ತ ಓಡಾಡುತ್ತದೆ.

ಪ್ಲಾಸ್ಟರ್ ತೆಗೆದ ಮೇಲೆ ಮೊಣಕೈ ಮಡಚೋಕೇ ಆಗ್ತಿಲ್ಲ. ಯಾರಿಂದಾದರೂ ಜೋರಾಗಿ ಎಳೆಸಿ ಬಿಡಿಸಿಕೊಳ್ಳಬಹುದಾ?

ದಯವಿಟ್ಟು ಬೇಡ. ಅದರಲ್ಲೂ ಮೊಣಕೈಗೆ ಬೇಡವೇ ಬೇಡ. ಬಿಗಿದ ಮೊಣಕೈಯನ್ನು ಜೋರಾಗಿ ಎಳೆದರೆ, ಪೆಟ್ಟಾದ ಜಾಗವನ್ನು ಒತ್ತಿ ತಿಕ್ಕಿದರೆ ಒಳಗೆ ಮತ್ತೆ ರಕ್ತ ಒಸರುತ್ತದೆ. ಕೆಲವರಲ್ಲಿ ಸ್ನಾಯುವಿನ ಒಳಗೇ ಮೂಳೆ ಬೆಳೆದುಬಿಡುತ್ತದೆ. ಆಗ ಕೈ ಮೊದಲಿಗಿಂತ ಕಡಿಮೆ ಮಡಚುತ್ತದೆ. ಮೊಣಕೈಯನ್ನು ನೀವೇ, ನಿಮ್ಮ ಬಲದಲ್ಲೇ, ದಿನಕ್ಕೆ ಹಲವು ಸಲ, ಸ್ವಲ್ಪ ಸ್ವಲ್ಪವೇ ಮಡಚಬೇಕು. ನಿಧಾನ, ಆದರೆ ಬಂದದ್ದು ಉಳಿಯುತ್ತದೆ.

## ಆಪರೇಷನ್ ಆದಾಗ

ಆಪರೇಷನ್ ಮುಂದಿನ ತಿಂಗಳು ಇದೆ. ಈಗಲೇ ಏನಾದರೂ ಮಾಡಬೇಕಾ?

ಮಾಡಿದರೆ ತುಂಬ ಒಳ್ಳೆಯದು. ಮಂಡಿ ಆಪರೇಷನ್ ಆದರೆ ತೊಡೆಯ ಬಲ ಹೆಚ್ಚಿಸಿಕೊಳ್ಳಿ, ವಾಕರ್ ಹಿಡಿದು ನಡೆಯುವುದನ್ನು ಈಗಲೇ ಕಲಿಯಿರಿ. ನೋವಿನಲ್ಲಿ ಹೊಸದನ್ನು ಕಲಿಯುವುದು ಕಷ್ಟ. ಎದೆ ಅಥವಾ ಹೊಟ್ಟೆಯ ಆಪರೇಷನ್ ಆದರೆ ಆಳವಾಗಿ ಉಸಿರೆಳೆದು ಬಿಡುವ ಅಭ್ಯಾಸ ಮಾಡಿ. ಬೀಡಿ ಸಿಗರೇಟ್ ಇದ್ದರೆ ಇವತ್ತೇ ಬಿಡಿ. ಗಾಯ ಮಾಯುವುದಕ್ಕೂ ಮೂಳೆ ಕೂಡುವುದಕ್ಕೂ ಅದು ಅಡ್ಡಿ.

ಹೊಲಿಗೆ ಬಿಚ್ಚೋ ಮೊದಲೇ ಅಲುಗಾಡಿಸಿದರೆ ಹೊಲಿಗೆ ಕಿತ್ತು ಹೋಗಲ್ವಾ?

ಈ ಭಯ ಎಲ್ಲರಿಗೂ ಇರುತ್ತದೆ. ಚರ್ಮದ ಹೊಲಿಗೆ ಕಾಣುತ್ತದೆ, ಅದಕ್ಕೇ ಅದರ ಮೇಲೆ ಕಣ್ಣು. ಆದರೆ ಅದರ ಕೆಳಗೆ ಇನ್ನೂ ಗಟ್ಟಿಯಾದ ಹೊಲಿಗೆಯ ಪದರಗಳಿರುತ್ತವೆ. ಹೇಳಿಕೊಟ್ಟ ಹದದಲ್ಲಿ ಮಾಡುವ ಚಲನೆಗೆ ಅವು ಕಿತ್ತು ಬರುವುದಿಲ್ಲ. ಎರಡು ವಾರ ಹೊಲಿಗೆಗೆ ಹೆದರಿ ಮಂಡಿ ಮಡಚದೆ ಇದ್ದರೆ ಮಂಡಿಯೇ ಹಟ ಹಿಡಿಯುತ್ತದೆ. ಗಾಯದಿಂದ ಕೀವು, ಜಾಸ್ತಿ ನೀರು, ರಕ್ತ ಬಂದರೆ ಮಾತ್ರ ನಿಲ್ಲಿಸಿ ತೋರಿಸಿ.

ಮಂಡಿ ಬದಲಾಯಿಸಿದ ದಿನವೇ ನಡೆಸ್ತಾರಂತೆ, ನಿಜವಾ?

ನಿಜ. ಬಹಳಷ್ಟು ಕಡೆ ಅದೇ ದಿನ ಅಥವಾ ಮರುದಿನ ಎಬ್ಬಿಸಿ ನಿಲ್ಲಿಸುತ್ತಾರೆ. ಹೊಸ ಮಂಡಿ ಲೋಹ ಮತ್ತು ಪ್ಲಾಸ್ಟಿಕ್‌ನದ್ದು, ಅದು ಕೂಡಿಕೊಳ್ಳಲಿ ಅಂತ ಕಾಯಬೇಕಾಗಿಲ್ಲ. ಭಾರ ತಡೆಯಲೆಂದೇ ಮಾಡಿದ್ದು.

ಮೊದಲ ಹತ್ತು ನಿಮಿಷ ಹೇಗಿರುತ್ತದೆ ಹೇಳುತ್ತೇನೆ. ಹಾಸಿಗೆಯಲ್ಲಿ ಕಾಲು ಚಾಚಿ, ಮಂಡಿಯ ಹಿಂಬದಿಯಿಂದ ಹಾಸಿಗೆಯನ್ನು ಒತ್ತಿ ಅನ್ನುತ್ತೇನೆ. ರೋಗಿ ಹಲ್ಲು ಕಚ್ಚಿ ಒತ್ತುತ್ತಾರೆ. ತೊಡೆ ಅಲುಗುವುದೇ ಇಲ್ಲ. ‘ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ’ ಅಂತ ಗಾಬರಿಯಾಗುತ್ತಾರೆ. ಗಾಬರಿ ಬೇಡ. ಮಂಡಿಯೊಳಗೆ ಕೇವಲ 20–30 ಮಿಲಿ ನೀರು ತುಂಬಿದರೂ ತೊಡೆಯ ಒಳಬದಿಯ ಸ್ನಾಯುವಿಗೆ ಹೋಗುವ ಅಪ್ಪಣೆ ಮಂಕಾಗುತ್ತದೆ. ನನ್ನ ಎರಡು ಬೆರಳು ಮಂಡಿ ಚಿಪ್ಪಿನ ಮೇಲ್ತುದಿಯಲ್ಲಿ ಇರುತ್ತವೆ. ಐದನೇ ಸಲವೋ ಹದಿನೈದನೇ ಸಲವೋ ಚಿಪ್ಪು ಒಂದು ಕೂದಲೆಳೆಯಷ್ಟು ಮೇಲಕ್ಕೆ ಜಾರುತ್ತದೆ. ಅಲ್ಲಿಗೆ ತೊಡೆ ಎದ್ದಿತು. ಆಮೇಲೆ ಹಾಸಿಗೆಯ ಅಂಚಿಗೆ ಕೂರುವುದು, ತಲೆ ಸುತ್ತುತ್ತಾ ನೋಡುವುದು, ವಾಕರ್ ಹಿಡಿದು ನಾಲ್ಕು ಹೆಜ್ಜೆ.

ಎರಡು ವಾರದ ಹೊತ್ತಿಗೆ 90 ಡಿಗ್ರಿ ಮಡಚುವ ಗುರಿ ಇಟ್ಟುಕೊಳ್ಳುತ್ತೇವೆ. ಕುರ್ಚಿಯಿಂದ ಆರಾಮಾಗಿ ಏಳಬೇಕಾದರೆ ಅಷ್ಟಾದರೂ ಬೇಕು. ಮಡಚುವುದರಷ್ಟೇ ಮುಖ್ಯ, ಪೂರ್ತಿ ನೆಟ್ಟಗೆ ಚಾಚುವುದು. ಮಂಡಿ ಕೆಳಗೆ ದಿಂಬು ಇಟ್ಟು ಮಲಗಿದರೆ ಹಿತ ಅನ್ನಿಸುತ್ತದೆ, ಆದರೆ ಮಂಡಿ ಅದೇ ಬಾಗಿನಲ್ಲಿ ನಿಂತುಬಿಡುತ್ತದೆ. ದಿಂಬು ಇಡಬೇಕಾದ್ದು ಹಿಮ್ಮಡಿಯ ಕೆಳಗೆ.

ಅಮ್ಮನಿಗೆ 80 ವರ್ಷ. ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದು ಆಪರೇಷನ್ ಆಗಿದೆ. ಪಾಪ, ನಿತ್ರಾಣ ಇದ್ದಾರೆ. ಒಂದು ವಾರ ಬಿಡಬಹುದಾ?

ಬಿಡಬೇಡಿ. ಈ ವಯಸ್ಸಿನಲ್ಲಿ ಒಂದು ವಾರ ಮಲಗಿಸುವುದು ಅಪಾಯ. ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಬೆನ್ನಿನಲ್ಲಿ ಹಾಸಿಗೆ ಹುಣ್ಣು ಏಳಬಹುದು, ಬುದ್ಧಿ ಮಂಕಾಗಬಹುದು. ಬೇರೆ ತೊಂದರೆ ಇಲ್ಲದಿದ್ದರೆ ಆಪರೇಷನ್‌ನ ಮರುದಿನವೇ ಎಬ್ಬಿಸಬೇಕು ಅನ್ನುವುದು ಈಗಿನ ಪದ್ಧತಿ.

ನಿಮ್ಮ ಕನಿಕರ ನನಗೆ ಅರ್ಥವಾಗುತ್ತದೆ. ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ನೋವಿನ ಮಾತ್ರೆ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಅಂತಲೂ ಕೇಳಿ ಬರೆದಿಟ್ಟುಕೊಳ್ಳಿ. ಮೊದಲ ದಿನ ಕುರ್ಚಿಯಲ್ಲಿ ಹತ್ತು ನಿಮಿಷ ಕೂತರೂ ಅದು ದೊಡ್ಡ ಕೆಲಸವೇ. ಊಟಕ್ಕೆ ಕುರ್ಚಿಯಲ್ಲಿ ಕೂರಿಸಿ, ಹಾಸಿಗೆಯಲ್ಲಿ ತಿನ್ನಿಸಬೇಡಿ.

ಭುಜದ ಟೆಂಡನ್ ಹೊಲಿದಿದ್ದಾರೆ, ಆರು ವಾರ ಕೈ ಎತ್ತಬೇಡಿ ಅಂದಿದ್ದಾರೆ. ಮಂಡಿಯವರಿಗೆ ಮೊದಲ ದಿನವೇ, ನನಗೆ ಮಾತ್ರ ಯಾಕೆ ಇಷ್ಟು ತಡ?

ಯಾಕೆಂದರೆ ನಿಮ್ಮದು ಬೇರೆ ಥರದ ರಿಪೇರಿ. ಟೆಂಡನ್ ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟಿ ಹಿಡಿಯುವ ಹುರಿ. ಟೆಂಡನ್‌ನ ಹರಿದ ತುದಿಯನ್ನು ಮೂಳೆಗೆ ಹೊಲಿದಿರುತ್ತಾರೆ. ಅದು ಮೂಳೆಗೆ ನಿಜವಾಗಿ ಅಂಟಿಕೊಳ್ಳುವ ತನಕ ಎಲ್ಲ ಭಾರ ದಾರದ ಮೇಲೆ. ಸಾಮಾನ್ಯವಾಗಿ 4–6 ವಾರ ಜೋಳಿಗೆ, ಆ ಹೊತ್ತಿನಲ್ಲಿ ಬೇರೆಯವರು ಕೈ ಹಿಡಿದು ಆಡಿಸುವುದು ಮಾತ್ರ. ಆಮೇಲೆ ನೀವೇ ಎತ್ತುವುದು. ತೂಕ ಹಿಡಿದು ಬಲ ಹೆಚ್ಚಿಸುವುದು ಸುಮಾರು 12 ವಾರ ಕಳೆದ ಮೇಲೆ. ಬೆರಳು, ಮಣಿಕಟ್ಟು, ಮೊಣಕೈ ಮಾತ್ರ ಮೊದಲ ದಿನದಿಂದ ಆಡಲಿ. ಮೊಣಕೈ ಮಡಚುವ ಸ್ನಾಯುವಿನ ಟೆಂಡನ್ನೂ ಹೊಲಿದಿದ್ದರೆ ಮೊದಲು ಕೇಳಿಕೊಳ್ಳಿ.

ಕಷ್ಟ ಬರುವುದು ಮೂರನೇ ವಾರದಲ್ಲಿ. ನೋವು ಇಳಿದಿರುತ್ತದೆ, ಕೈ ಹಗುರ ಅನ್ನಿಸುತ್ತದೆ, ಅಭ್ಯಾಸಬಲದಿಂದ ನೀರಿನ ಜಗ್ ಎತ್ತಿಬಿಡುತ್ತಾರೆ. ಹೊಲಿಗೆ ಸಡಿಲವಾಗಲು ಅಷ್ಟು ಸಾಕು.

ಬೆರಳು ಮಡಚುವ ಟೆಂಡನ್ ಕತ್ತರಿಸಿಹೋಗಿ, ಅದನ್ನು ಹೊಲಿದಿದ್ದರೆ ಲೆಕ್ಕ ಮತ್ತೆ ಬೇರೆ. ಅಲ್ಲಿ ಕಾದರೆ ಟೆಂಡನ್ ಸುತ್ತಲಿನ ಪೊರೆಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಮೊದಲ ವಾರದೊಳಗೇ, ಸ್ಪ್ಲಿಂಟ್ (ಕೈಯನ್ನು ಹಿಡಿದಿಡುವ ಪಟ್ಟಿ) ಹಾಕಿಕೊಂಡೇ, ಅಳತೆಯ ಚಲನೆ ಶುರು ಮಾಡುತ್ತಾರೆ. ಇದನ್ನು ಕೈ ಚಿಕಿತ್ಸೆ ಗೊತ್ತಿರುವವರ ಹತ್ತಿರವೇ ಮಾಡಿಸಿ.

ಸಿಸೇರಿಯನ್ ಆಗಿದೆ. ಯಾವಾಗಿನಿಂದ?

ನಡೆಯುವುದು, ಆಳವಾದ ಉಸಿರು, ಪಾದ ಆಡಿಸುವುದು 24 ಗಂಟೆಯೊಳಗೇ. ಮೂತ್ರದ ನಳಿಕೆ ತೆಗೆದ ಮೇಲೆ, ಮೂತ್ರ ತಡೆಹಿಡಿಯುವಂತೆ ಕೆಳಭಾಗದ ಸ್ನಾಯು ಬಿಗಿ ಮಾಡಿ ಬಿಡುವ ವ್ಯಾಯಾಮ. ಮಗುವಿಗಿಂತ ಭಾರದ್ದು ಎತ್ತಬೇಡಿ. ಹೊಟ್ಟೆಯ ಜೋರು ವ್ಯಾಯಾಮ, ಓಟ ಎಲ್ಲ ಡಾಕ್ಟರು ನೋಡಿ ಹೇಳಿದ ಮೇಲೆ.

ಹಾರ್ಟ್ ಬೈಪಾಸ್ ಆದವರಿಗೆ ವ್ಯಾಯಾಮ ಅಪಾಯ ಅಲ್ವಾ?

ಐಸಿಯುನಲ್ಲೇ ಉಸಿರಿನ ವ್ಯಾಯಾಮ ಶುರುವಾಗುತ್ತದೆ, ಒಂದೆರಡು ದಿನದಲ್ಲಿ ನಡಿಗೆ. ಕೆಮ್ಮುವಾಗ ದಿಂಬನ್ನು ಎದೆಗೆ ಅಪ್ಪಿ ಹಿಡಿಯಿರಿ. ಎದೆಯ ಮೂಳೆ ಕೂಡಲು 8–12 ವಾರ ಬೇಕು. ಅಲ್ಲಿಯ ತನಕ ಭಾರ ಎತ್ತುವುದು, ಎಳೆಯುವುದು, ಕೈ ಊರಿ ಜೋರಾಗಿ ಏಳುವುದು ಬೇಡ.

## ಮುಂದಿನ ಹಂತದ ಪ್ರಶ್ನೆಗಳು

ವ್ಯಾಯಾಮ ಮಾಡುವಾಗ ನೋವಾದರೆ ನಿಲ್ಲಿಸಬೇಕಾ?

ಎಲ್ಲ ನೋವೂ ಒಂದೇ ಅಲ್ಲ. ಹತ್ತರಲ್ಲಿ ಮೂರು ನಾಲ್ಕು ಅನ್ನುವಷ್ಟು ಎಳೆತದ ನೋವು, ಮುಗಿಸಿದ ಮೇಲೆ ಇಳಿದುಹೋಗುವಂಥದ್ದು, ಸಹಜ. ನಾನು ಎಲ್ಲರಿಗೂ ಹೇಳುವ ಅಳತೆ ಇದು: ಮರುದಿನ ಬೆಳಗ್ಗೆ ಎದ್ದಾಗ ಹೇಗಿದೆ ನೋಡಿ. ಹಿಂದಿನ ದಿನದಷ್ಟೇ ಇದ್ದರೆ ಅದೇ ಪ್ರಮಾಣ ಮುಂದುವರಿಸಿ. ಊತ ಹೆಚ್ಚಾಗಿದ್ದರೆ, ರಾತ್ರಿ ನಿದ್ದೆ ಕೆಡಿಸಿದ್ದರೆ ನಿನ್ನೆ ಮಾಡಿದ್ದು ಜಾಸ್ತಿಯಾಯಿತು ಅಂತ ಅರ್ಥ. ಪೂರ್ತಿ ನಿಲ್ಲಿಸಬೇಡಿ, ಅರ್ಧಕ್ಕೆ ಇಳಿಸಿ. ಚುಚ್ಚಿದಂಥ ಹಠಾತ್ ನೋವು, ‘ಟಕ್’ ಅಂದ ಮೇಲೆ ಬಲ ಹೋಗುವುದು, ಇವಕ್ಕೆ ಮಾತ್ರ ಅಲ್ಲೇ ನಿಲ್ಲಿಸಿ.

ಹಾಗಾದರೆ ಬೇಗ ಶುರು ಮಾಡಿದಷ್ಟೂ, ಜಾಸ್ತಿ ಮಾಡಿದಷ್ಟೂ ಒಳ್ಳೆಯದಾ?

ಬೇಗ ಅನ್ನುವುದು ಒಂದು, ಜಾಸ್ತಿ ಅನ್ನುವುದು ಇನ್ನೊಂದು. ಇದಕ್ಕೆ ಪಾರ್ಶ್ವವಾಯುವಿನಿಂದ ಒಂದು ಪಾಠ ಇದೆ. ‘ಅವರ್ಟ್’ ಅನ್ನುವ ದೊಡ್ಡ ಅಧ್ಯಯನ, ಐದು ದೇಶಗಳ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳು, ಫಲಿತಾಂಶ ಬಂದದ್ದು 2015ರಲ್ಲಿ. ಮೊದಲ 24 ಗಂಟೆಯೊಳಗೇ ಎಬ್ಬಿಸಿ, ಪದೇ ಪದೇ, ಜಾಸ್ತಿ ಹೊತ್ತು ನಡೆಸಿದವರಲ್ಲಿ ಮೂರು ತಿಂಗಳ ನಂತರ ಚೇತರಿಕೆ ಮಾಮೂಲಿ ಆರೈಕೆ ಪಡೆದವರಿಗಿಂತ ಕಡಿಮೆ ಇತ್ತು. ಅದೇ ಅಂಕಿಗಳನ್ನು ಮತ್ತೆ ಬಿಡಿಸಿ ನೋಡಿದಾಗ, ಒಟ್ಟು ಹೊತ್ತು ಹೆಚ್ಚಿಸದೆ ಚಿಕ್ಕ ಚಿಕ್ಕ ಅವಧಿಯಲ್ಲಿ, ಆಗಾಗ ಮಾಡಿಸಿದವರೇ ಚೆನ್ನಾಗಿದ್ದರು. ನಮ್ಮ ವೃತ್ತಿಯವರೆಲ್ಲ ‘ಆದಷ್ಟು ಬೇಗ, ಆದಷ್ಟು ಜಾಸ್ತಿ’ ಅನ್ನುತ್ತಿದ್ದ ಕಾಲದಲ್ಲಿ ಇದು ನಮ್ಮನ್ನು ಯೋಚಿಸುವಂತೆ ಮಾಡಿತು. ಹಾಗಾಗಿ ಒಂದೇ ಸಲ ಒಂದು ಗಂಟೆ ಒದ್ದಾಡುವ ಬದಲು ದಿನಕ್ಕೆ ಐದಾರು ಸಲ ಹತ್ತು ಹತ್ತು ನಿಮಿಷ ಮಾಡಿ ಅನ್ನುತ್ತೇನೆ.

ಎಸಿಎಲ್ ಆಪರೇಷನ್ ಆಗಿ ನಾಲ್ಕು ತಿಂಗಳು. ನೋವೇ ಇಲ್ಲ, ಓಡ್ತಿದ್ದೀನಿ. ಮ್ಯಾಚ್ ಆಡಬಹುದಾ?

ಇಲ್ಲ. ಎಸಿಎಲ್ ಅಂದರೆ ಮಂಡಿಯೊಳಗಿನ ಒಂದು ಲಿಗಮೆಂಟ್. ಅದರ ಜಾಗಕ್ಕೆ ಹೊಸದಾಗಿ ಹಾಕಿದ ಲಿಗಮೆಂಟ್ ಮೊದಲ ತಿಂಗಳುಗಳಲ್ಲಿ ಗಟ್ಟಿಯಾಗುವ ಮೊದಲು ಮೆತ್ತಗಾಗುತ್ತದೆ. ಅದಕ್ಕೆ ಹೊಸ ರಕ್ತನಾಳ ಬೆಳೆದು ಅದು ನಿಮ್ಮದೇ ಆಗಲು ಸಮಯ ಬೇಕು. ನೋವು ಇದನ್ನು ಹೇಳುವುದಿಲ್ಲ. ಒಂಬತ್ತು ತಿಂಗಳಿಗಿಂತ ಮೊದಲು ತಿರುಗಿ, ಹಾರಿ ಆಡುವ ಆಟಕ್ಕೆ ಮರಳಿದವರಲ್ಲಿ ಮತ್ತೆ ಹರಿಯುವುದು ಜಾಸ್ತಿ. ತಿಂಗಳು ಎಣಿಸಿದರಷ್ಟೇ ಸಾಲದು: ಆ ಕಾಲಿನ ತೊಡೆಯ ಬಲ, ಒಂಟಿಕಾಲಿನ ಜಿಗಿತದ ದೂರ ಎರಡೂ ಇನ್ನೊಂದು ಕಾಲಿನ ಶೇಕಡಾ 90ರಷ್ಟಾದರೂ ಇರಬೇಕು. ಅಳೆಸಿಕೊಳ್ಳಿ, ಅಂದಾಜಿನಲ್ಲಿ ಆಡಬೇಡಿ.

ಯಾವಾಗ ವ್ಯಾಯಾಮ ಬಿಟ್ಟು ಡಾಕ್ಟರ ಹತ್ತಿರ ಓಡಬೇಕು?

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋವಾದರೆ ಅದೇ ದಿನ ಹೋಗಿ, ರಕ್ತ ಹೆಪ್ಪುಗಟ್ಟಿರಬಹುದು. ಅದರ ಜೊತೆ ಅಥವಾ ಬರೀ ಹಠಾತ್ ಉಸಿರುಗಟ್ಟುವುದು, ಎದೆನೋವು ಬಂದರೆ ಒಂದು ನಿಮಿಷವೂ ಕಾಯಬೇಡಿ. ಪ್ಲಾಸ್ಟರ್ ಒಳಗೆ ತಡೆಯಲಾಗದ ನೋವು, ಬೆರಳು ನೀಲಿಯಾಗುವುದು, ಜೋಮು ಹಿಡಿಯುವುದು ತುರ್ತು. ಬೆನ್ನಿನ ಆಪರೇಷನ್ ಆದವರಿಗೆ ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ ಅದೂ ತುರ್ತು. ಇನ್ನೊಂದು ಕಾಯಿಲೆಯನ್ನು ಜನ ಗುರುತಿಸುವುದೇ ಇಲ್ಲ: ಕೈ ಮುರಿದ ಕೆಲವು ವಾರಗಳ ಮೇಲೆ ಉರಿ ನೋವು, ಚರ್ಮದ ಬಣ್ಣ ಬದಲಾಗುವುದು, ಬಟ್ಟೆ ತಾಗಿದರೂ ಸಹಿಸಲಾಗದಿರುವುದು. ಬೇಗ ಹಿಡಿದರೆ ಸರಿಮಾಡುವುದು ಸುಲಭ.

ಆಪರೇಷನ್ ಆಗಿ ಏಳು ತಿಂಗಳಾಯ್ತು, ಫಿಸಿಯೋ ಮಾಡಿಸಲೇ ಇಲ್ಲ. ಈಗ ಬಂದು ಪ್ರಯೋಜನ ಇದೆಯಾ?

ಇದೆ, ಬನ್ನಿ. ಸ್ನಾಯುವಿನ ಬಲ ಯಾವ ವಯಸ್ಸಿನಲ್ಲೂ, ಎಷ್ಟು ತಡವಾದರೂ ಹೆಚ್ಚುತ್ತದೆ. ಕೀಲಿನ ಬಿಗಿತ ಮಾತ್ರ ಹಟಮಾರಿ. ಉದಾಹರಣೆಗೆ ಬದಲಾಯಿಸಿದ ಮಂಡಿ ಬಿಗಿದುಕೊಂಡರೆ, ಅರಿವಳಿಕೆ ಕೊಟ್ಟು ಮಡಚಿ ಬಿಡಿಸುವ ಉಪಾಯ ಮೊದಲ 12 ವಾರದೊಳಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ದಾರಿ ಉದ್ದ. ಏಳನೇ ತಿಂಗಳಲ್ಲಿ ಬಂದವರಿಗೆ ನಾನು ಡಿಗ್ರಿ ಲೆಕ್ಕ ಹೇಳುವುದಿಲ್ಲ. ನಿಮಗೆ ದಿನಾ ಅಡ್ಡ ಬರುವ ಒಂದು ಕೆಲಸ ಯಾವುದು ಅಂತ ಕೇಳುತ್ತೇನೆ. ಮೆಟ್ಟಿಲು ಇಳಿಯುವುದಾ, ಅಂಗಿಯ ಮೇಲಿನ ಗುಂಡಿ ಹಾಕುವುದಾ? ಅಲ್ಲಿಂದಲೇ ಶುರು.

ಬರುವಾಗ ಡಿಸ್ಚಾರ್ಜ್ ಚೀಟಿ, ಆಪರೇಷನ್ ವಿವರ ಇರುವ ಹಾಳೆ, ಹಳೆಯ ಮತ್ತು ಹೊಸ ಎಕ್ಸ್‌ರೇ ತನ್ನಿ. ಮಂಡಿಯದ್ದಾದರೆ ಸಡಿಲ ಬಟ್ಟೆ ಹಾಕಿಕೊಂಡು ಬನ್ನಿ, ಎರಡೂ ಕಾಲು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.